ಫ್ಲೋರೆಸ್‌ಗೆ ಹೋಗಿ ಕೂತ ಅಕ್ಕ

ಅಕ್ಕ ತೀರಿಕೊಂಡ ಸುದ್ದಿ ಬಂದಾಗ ನಾನು ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ಯಾರದೋ ಅಡುಗೆಮನೆಯ ಡ್ರಾಯರ್ ಎಳೆದು ನೋಡುತ್ತಿದ್ದೆ. ಶನಿವಾರ ಬಂತೆಂದರೆ ಮಾರಾಟಕ್ಕಿಟ್ಟ ಮನೆಗಳನ್ನು ನೋಡಿಕೊಂಡು ಬರುವುದು ನನ್ನ ಚಟ. ಕೊಳ್ಳುವುದಕ್ಕಲ್ಲ. ಇರುವ ಒಂದು ಮನೆಯ ಮಾರ್ಟ್‌ಗೇಜೇ ನಮ್ಮ ಅರ್ಧ ಆಯುಷ್ಯ ತಿಂದಿದೆ. ಆದರೂ ಸುತ್ತಮುತ್ತ ಯಾರ ಮನೆ ನಮ್ಮದಕ್ಕಿಂತ ಚೆಂದ, ಯಾರ ಅಡುಗೆಕಟ್ಟೆಯ ಕಲ್ಲು ನಮ್ಮದಕ್ಕಿಂತ ದಪ್ಪ ಎಂದು ತಿಳಿದುಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ.

ಫೋನ್ ಮಾಡಿದವಳು ಅಕ್ಕನ ಮಗಳು. ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿರುತ್ತಾಳೆ. ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಕೊಡುವುದು ಮಾತ್ರ ಇಂಗ್ಲಿಷಿನಲ್ಲಿ. ಅವತ್ತು ಕಷ್ಟಪಟ್ಟು ತಾಯಿಯ ಧಾರವಾಡದ ಮಾತಿನಲ್ಲೇ ಶುರುಮಾಡಿದಳು.

"ಆಂಟಿ, ಅವ್ವ ಹೋದ್ಲು. ಮುಂಜಾನೆ ಕಾಫಿ ಕುಡ್ಕೋತ ಕುಂತಿದ್ಲಂತ. ಸ್ಟ್ರೋಕ್ ಅಂತಾರ. ಆ ಊರಿನ ಸ್ಕೂಲ್ ಟೀಚರ್ ಫೋನ್ ಮಾಡ್ಯಾರ. ಬೆರಿ ಮಾಡ್ಬೇಕಾ, ಕ್ರಿಮೇಟ್ ಮಾಡ್ಬೇಕಾ ಅಂತ ಕೇಳಾಕತ್ತಾರ. ನಮ್ಮೊಳಗ ಯಾವುದು ಆಂಟಿ? ಐ ಡೋಂಟ್ ನೋ."

"ನಿಮ್ಮಲ್ಲಿ ಹೂಳ್ತಾರೆ ಕಣಮ್ಮ," ಎಂದೆ. "ಕೂರಿಸಿ ಹೂಳ್ತಾರೆ. ಹಣೆಗೆ ವಿಭೂತಿ ಹಚ್ಚೋಕೆ ಹೇಳು. ದೇವರ ಗೂಡಲ್ಲಿ ಇಟ್ಟಿರ್ತಾರೆ."

ಅಕ್ಕ ಎಂದು ಕರೆಯುತ್ತಿದ್ದೆನಷ್ಟೆ, ಒಡಹುಟ್ಟಿದವರಲ್ಲ; ಅವರು ಲಿಂಗಾಯತರು, ನಾನಲ್ಲ. ಇಷ್ಟನ್ನೆಲ್ಲ ಅವರೇ ಒಮ್ಮೆ ರೊಟ್ಟಿ ಮುರಿಯುತ್ತಾ ನನಗೆ ಹೇಳಿದ್ದರು. ಫೋನ್ ಇಟ್ಟ ಮೇಲೆ ದುಃಖ ಬರಬೇಕಿತ್ತು. ಅದಕ್ಕೂ ಮೊದಲು ಬಂದದ್ದು ಬೇರೆ. ತಮಗೆ ಬೇಕಾದ ಜಾಗದಲ್ಲಿ, ಬೇಕಾದ ಹಾಗೆ, ಕಾಫಿ ಕುಡಿಯುತ್ತಲೇ ಹೋದರಲ್ಲ ಎಂದು ಎದೆಯಲ್ಲಿ ಏನೋ ಚುರ್ ಎಂದಿತು. ಅದೇನೆಂದು ನನಗೆ ಗೊತ್ತು. ಇಪ್ಪತ್ತು ವರ್ಷಗಳಿಂದ ಅಕ್ಕನ ವಿಷಯದಲ್ಲಿ ನನಗೆ ಆಗುತ್ತಿದ್ದದ್ದೇ ಅದು.

ವೆಸ್ಟ್‌ಮೀಡ್‌ನ ಆಸ್ಪತ್ರೆಯಲ್ಲಿ ಅವರು ಹೆರಿಗೆ ವಾರ್ಡಿನಲ್ಲಿ ಮಿಡ್‌ವೈಫ್, ನಾನು ಕೆಳಗೆ ಪೆಥಾಲಜಿ ಲ್ಯಾಬಿನಲ್ಲಿ. ನನ್ನ ಕೈಗೆ ಬರುತ್ತಿದ್ದದ್ದು ಹೆಸರಿನ ಚೀಟಿ ಅಂಟಿಸಿದ ರಕ್ತದ ಟ್ಯೂಬುಗಳು. ಅವರ ಕೈಗೆ ಬರುತ್ತಿದ್ದದ್ದು ಹಸುಗೂಸುಗಳು. ಮಧ್ಯಾಹ್ನ ಊಟಕ್ಕೆ ಜೊತೆಗೆ ಕೂತರೆ ಐದು ನಿಮಿಷಕ್ಕೊಬ್ಬರು ಬಂದು ಅವರನ್ನು ಮಾತಾಡಿಸುವರು. ಲೆಬನಾನಿನ ಅಜ್ಜಿಯೊಬ್ಬಳು ಡಬ್ಬಿ ತುಂಬ ಸಿಹಿ ತಂದುಕೊಡುವಳು. ಯಾವನೋ ಚೀನೀ ಹುಡುಗ ಎರಡು ವರ್ಷದ ಮಗಳನ್ನು ಎತ್ತಿ ತೋರಿಸಿ ಹೋಗುವನು. ನನ್ನನ್ನು ಯಾರೂ ಹುಡುಕಿಕೊಂಡು ಬಂದದ್ದಿಲ್ಲ. ಬರಲು ನಾನು ಯಾರಿಗೂ ಗೊತ್ತೇ ಇರಲಿಲ್ಲ.

ಅಕ್ಕ ಎತ್ತರದ ಹೆಂಗಸು. ಎಣ್ಣೆ ಹಚ್ಚಿ ಬಿಗಿದ ಜಡೆ, ದೊಡ್ಡ ಹೆಜ್ಜೆ. ಕೈ ತೊಳೆಯಲು ನಿಂತರೆ ಮೊಣಕೈವರೆಗೆ ನಿಧಾನವಾಗಿ, ಒಂದೊಂದು ಬೆರಳನ್ನೂ ಬಿಡಿಸಿ ತೊಳೆಯುವರು. ಮನೆಗೆ ಬಂದ ನೆಂಟರೆದುರೂ ಹಾಗೇ. ಯಾರು ಎದುರು ಬಂದರೂ ಮೊದಲ ಮಾತು "ಉಂಡ್ರಿ?" ಆಸ್ಟ್ರೇಲಿಯನ್ ಡಾಕ್ಟರುಗಳಿಗೂ ಅದನ್ನೇ ಇಂಗ್ಲಿಷ್ ಮಾಡಿ ಕೇಳುವರು. ಅವರಲ್ಲಿ ಕೆಲವರಿಗೆ ಕಸಿವಿಸಿ. ಆಮೇಲಾಮೇಲೆ ಅವರೇ ಬಂದು ಇವತ್ತು ಊಟವಾಗಿಲ್ಲ ಎಂದು ವರದಿ ಒಪ್ಪಿಸತೊಡಗಿದರು.

ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದರು. ಮಗಳನ್ನು ಓದಿಸಿ ಮದುವೆ ಮಾಡಿದರು. ಆದರೆ ಮನೆ ಮಾತ್ರ ಕೊಳ್ಳಲಿಲ್ಲ. ಸ್ಟೇಷನ್ನಿನ ಹತ್ತಿರ ರೆಂಟಿನ ಫ್ಲ್ಯಾಟಿನಲ್ಲೇ ಇದ್ದರು. ಮಾಲೀಕ ಫ್ಲ್ಯಾಟ್ ಮಾರಿದಾಗಲೆಲ್ಲ ಅದೇ ಬೀದಿಯಲ್ಲಿ ಇನ್ನೊಂದಕ್ಕೆ ಹೋಗುವರು. ನಮ್ಮ ಕನ್ನಡದವರ ಕೂಟಗಳಲ್ಲಿ ಮನೆ ಕೊಳ್ಳದ ಮನುಷ್ಯನೆಂದರೆ ಏನೋ ಕಾಯಿಲೆಯವನಂತೆ ನೋಡುತ್ತಾರೆ. ಅಕ್ಕನನ್ನೂ ಹಾಗೇ ನೋಡಿದರು. ಎಲ್ಲರಿಗಿಂತ ಹೆಚ್ಚು ಮರುಕ ತೋರಿಸಿದವಳು ನಾನು. "ಈಗಲೂ ಒಂದು ಸಣ್ಣ ಯುನಿಟ್ ತಗೊಳ್ಳಿ ಅಕ್ಕಾ, ನಮ್ಮ ಬ್ರೋಕರ್ ಹತ್ರ ಮಾತಾಡ್ತೀನಿ," ಎಂದು ತಿಂಗಳಿಗೊಮ್ಮೆಯಾದರೂ ಹೇಳುವೆ. ಹಾಗೆ ಹೇಳುವಾಗ ಒಳಗೊಳಗೇ ಹಾಯೆನಿಸುತ್ತಿತ್ತು. ಎಲ್ಲದರಲ್ಲೂ ನನಗಿಂತ ಮೇಲಿದ್ದವರು ಈ ಒಂದು ವಿಷಯದಲ್ಲಾದರೂ ಕೆಳಗಿದ್ದಾರಲ್ಲ!

"ಜಾಗಾ ಅಂದ್ರ ಕುಂಡ್ರಾಕ ತಂಗೀ, ಬೆನ್ನ ಮ್ಯಾಲ ಹೊತ್ಕೊಂಡ್ ಅಡ್ಡಾಡಾಕ ಅಲ್ಲ," ಎನ್ನುವರು ಅಕ್ಕ, ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚುತ್ತಾ.

ನಮ್ಮ ಕೆಲ್ಲಿವಿಲ್ ಮನೆಯ ಗೃಹಪ್ರವೇಶಕ್ಕೆ ಬಂದಾಗ ಅವರನ್ನು ಐದೂ ಬೆಡ್‌ರೂಮುಗಳಿಗೆ ಸುತ್ತಾಡಿಸಿದೆ. ಸಿನಿಮಾ ನೋಡುವ ಕೋಣೆ, ಎರಡು ಕಾರಿನ ಗ್ಯಾರೇಜು, ಎಲ್ಲ ತೋರಿಸಿದೆ. ಪ್ರತಿಯೊಂದಕ್ಕೂ "ಚಲೋ ಐತಿ, ಚಲೋ ಐತಿ," ಎಂದರು. ಕೊನೆಗೆ ಬಾಗಿಲ ಹೊರಗೆ ನಿಂತು ಅತ್ತ ಇತ್ತ ನೋಡಿ, "ಇಷ್ಟೆಲ್ಲಾ ಐತಿ. ಹಾದಿಲೆ ಹೋಗೋರು ಬಂದ್ರ ಎಲ್ಲಿ ಕುಂಡ್ರತಾರ? ಒಂದು ಕಟ್ಟಿ ಇಲ್ಲಲ್ಲ," ಎಂದರು. ವ್ಯಂಗ್ಯವಲ್ಲ, ನಿಜವಾಗಿಯೂ ಕೇಳಿದ್ದು. ನನಗೆ ಮಾತ್ರ ಅವತ್ತಿನ ಹೋಳಿಗೆ ರುಚಿಸಲಿಲ್ಲ.

ಆಸ್ಪತ್ರೆಯ ಅಡುಗೆಮನೆಯಲ್ಲಿ ಇಂಡೋನೇಷ್ಯಾದ ಹೆಣ್ಣುಮಗಳೊಬ್ಬಳು ಕೆಲಸ ಮಾಡುತ್ತಿದ್ದಳು. ಫ್ಲೋರೆಸ್ ಎಂಬ ದ್ವೀಪದವಳು. ಅಕ್ಕನ "ಉಂಡ್ರಿ?" ಅವಳವರೆಗೂ ಹೋಗಿತ್ತು. ಒಂದು ರಜೆಯಲ್ಲಿ ಅವಳು ಊರಿಗೆ ಹೊರಟಾಗ ಅಕ್ಕ ಜೊತೆಗೆ ಹೋದರು. ಎರಡು ವಾರಕ್ಕೆಂದು ಹೋದವರು ಐದು ವಾರ ಬಿಟ್ಟು ಬಂದರು. ಬಂದವರೇ ಊಟದ ಟೇಬಲ್ಲಿನಲ್ಲಿ ಫೋನ್ ನನ್ನ ಮುಂದೆ ಹಿಡಿದರು. ಬೆಟ್ಟದ ಮೈಯಲ್ಲಿ ಇಪ್ಪತ್ತು ಮೂವತ್ತು ತಗಡಿನ ಮನೆಗಳು, ಕೆಳಗೆ ಗದ್ದೆ, ದೂರದಲ್ಲಿ ಚೂರೇ ಚೂರು ಸಮುದ್ರ.

"ರಿಟೈರ್ ಆದಮ್ಯಾಲ ಇಲ್ಲಿಗೆ ಹೊಂಟೀನಿ ನಾ," ಎಂದರು.

ನಾನು ನಕ್ಕೆ. ಅವರು ನಗಲಿಲ್ಲ.

"ಅಲ್ಲಿ ಫಾರಿನರ್ಸ್‌ಗೆ ಜಮೀನು ಕೊಡಲ್ವಲ್ಲ ಅಕ್ಕಾ?"

"ಸ್ವಂತ ಆಗೂದಿಲ್ಲ. ಲೀಸ್ ಕೊಡ್ತಾರ. ಇಪ್ಪತ್ತೈದು ವರ್ಷ."

"ಆಮೇಲೆ?"

"ಆಮ್ಯಾಲ ನಾ ಎಲ್ಲಿರ್ತೀನಿ ತಂಗೀ?" ಎಂದು ಮೂಗಿನಲ್ಲಿ ನಕ್ಕರು. "ನನಗೀಗ ಅರವತ್ತೆರಡು. ಇಪ್ಪತ್ತೈದು ಭಾಳ ಆತು."

ಆ ಹಳ್ಳಿಯ ಮೇಲಿನ ಬೆಟ್ಟಗಳಲ್ಲಿ ಒಂದೊಂದೇ ಮನೆಗಳಿದ್ದವಂತೆ. ತುಂಬಿದ ಬಸುರಿಯರು ಹಳ್ಳಿಯ ಸಣ್ಣ ಸರ್ಕಾರಿ ಹೆರಿಗೆ ಕೇಂದ್ರ ಮುಟ್ಟಲು ಒಂದು ದಿನ ಇಳಿದು ಬರಬೇಕು. ದಾರಿಯಲ್ಲೇ ನೋವು ಬಂದು ತೀರಿಕೊಂಡವಳೊಬ್ಬಳ ಮನೆಯಲ್ಲಿ ಅಕ್ಕ ಆ ಸಲ ಕೂತು ಬಂದಿದ್ದರು. ದಿನ ಹತ್ತಿರವಾದವರು ಮೊದಲೇ ಬಂದು ಇದ್ದುಕೊಳ್ಳಲು ಎರಡು ಕೋಣೆ ಕಟ್ಟಿಸಬೇಕು, ತಾನು ಅಲ್ಲೇ ಇರಬೇಕು. ಅಕ್ಕನ ಲೆಕ್ಕಾಚಾರ ಇಷ್ಟೇ. ನಿವೃತ್ತರ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ, ಹೆರಿಗೆಗೆ ಕೈ ಹಾಕುವಂತಿಲ್ಲ. "ಅಡಗಿ ಮಾಡಿ ಹಾಕಾಕ ಯಾವ ವೀಸಾ ಬೇಕು?" ಎಂದರು.

ಅವತ್ತು ಮಧ್ಯಾಹ್ನ ಲ್ಯಾಬಿನಲ್ಲಿ ನನಗೆ ಕೆಲಸ ಸಾಗಲಿಲ್ಲ. ಇಷ್ಟು ದಿನ ನಾನು ಮರುಕಪಟ್ಟ ಹೆಂಗಸು, ನಾನು ಹೆಸರೇ ಕೇಳದ ಬೆಟ್ಟದ ಮೇಲೆ ಹೋಗಿ ಕೂರುತ್ತೇನೆ ಎನ್ನುತ್ತಿದ್ದರು. ನನ್ನ ಮಾರ್ಟ್‌ಗೇಜ್ ಮುಗಿಯಲು ಇನ್ನೂ ಹದಿನಾಲ್ಕು ವರ್ಷ. ಅಷ್ಟು ವರ್ಷ ಆ ಟ್ಯೂಬುಗಳ ಮುಂದೆ ಕೂರುವ ನಾನು, ಮುಗಿದ ಮೇಲೆ ಎಲ್ಲಿ ಕೂರಬೇಕೆಂದು ಒಂದು ದಿನವೂ ಯೋಚಿಸಿರಲಿಲ್ಲ. ಅವರು ಯೋಚಿಸಿ, ಹೋಗಿ, ನೋಡಿ ಬಂದೇ ಬಿಟ್ಟಿದ್ದರು.

ಆ ವಾರ ನಾನು ಮಾಡಿದ ಕೆಲಸವನ್ನು ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ.

ಪಾಯಿಂಟ್ ಕುಕ್‌ಗೆ, ಅಕ್ಕನ ಮಗಳಿಗೆ ಫೋನ್ ಮಾಡಿದೆ. ಭೂಕಂಪವಾಗುವ ಜಾಗ, ಹತ್ತಿರ ಆಸ್ಪತ್ರೆಯಿಲ್ಲ ಎಂದೆಲ್ಲ ಹೇಳಿದೆ. ಅದೇನೋ ನಿಜವೇ. ಮಗಳು, "ಶಿ ಈಸ್ ಎ ಗ್ರೋನ್ ವುಮನ್ ಆಂಟಿ," ಎಂದು ಹಗುರವಾಗಿ ತಳ್ಳಿಹಾಕಿದಳು. ಆಗ ನನ್ನ ಬಾಯಿಂದ ಬಂತು: "ಹೇಗೆ ಹೇಳೋದೋ ಗೊತ್ತಾಗ್ತಿಲ್ಲಮ್ಮ. ಇತ್ತೀಚೆಗೆ ಅವರಿಗೆ ಮರೆವು ಜಾಸ್ತಿ ಆಗ್ತಿದೆ. ಹೇಳಿದ್ದನ್ನೇ ಹೇಳ್ತಾರೆ. ವಾರ್ಡಲ್ಲೂ ಗಮನಿಸಿದಾರೆ."

ಒಂದಕ್ಷರವೂ ನಿಜವಲ್ಲ. ಅಕ್ಕನಿಗೆ ಹತ್ತು ವರ್ಷದ ಹಿಂದೆ ಹೆರಿಗೆ ಮಾಡಿಸಿದ ಕೂಸಿನ ತೂಕವೂ ನೆನಪಿರುತ್ತಿತ್ತು.

ಮರುವಾರ ಮಗಳು ಸಿಡ್ನಿಗೆ ಬಂದಳು. ಬಿಪಿ ತೋರಿಸೋಣ ಎಂದು ಹೇಳಿ ತಾಯಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿ ಅಕ್ಕನಿಗೆ ಇವತ್ತು ಯಾವ ವಾರ ಎಂದು ಕೇಳಿದರಂತೆ. ಗಡಿಯಾರದ ಚಿತ್ರ ಬರೆಯಿಸಿದರಂತೆ. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದರಂತೆ. ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಿಗೆ ಅದೇನು ಪರೀಕ್ಷೆ ಎಂದು ಗೊತ್ತಾಗದೆ ಇರುತ್ತದೆಯೇ? ಸುಮ್ಮನೆ ಎಲ್ಲಕ್ಕೂ ಉತ್ತರ ಕೊಟ್ಟು, ಎದ್ದು, ಮಗಳ ಜೊತೆ ಕಾರು ಹತ್ತದೆ ನಡೆದುಕೊಂಡೇ ಮನೆಗೆ ಬಂದರು. ಮರುದಿನ ಊಟಕ್ಕೆ ಕೂತಾಗ ನನ್ನೆದುರು ರೊಟ್ಟಿಯ ಗಂಟು ಬಿಚ್ಚಲೇ ಇಲ್ಲ.

"ನನ್ನ ಮಗಳು ನನ್ನ ಹುಚ್ಚಿ ಮಾಡಾಕ ಕರಕೊಂಡ್ ಹೋಗಿದ್ಲು ತಂಗೀ," ಎಂದರು.

ಆಗ ಹೇಳಬಹುದಿತ್ತು. ನಾನು ನೀರಿನ ಲೋಟ ಅವರತ್ತ ತಳ್ಳಿದೆ, ಅಷ್ಟೇ.

ತಾಯಿ ಮಗಳು ಒಂದು ವರ್ಷ ಮಾತಾಡಲಿಲ್ಲ. ಆ ವರ್ಷದಲ್ಲೇ ಅಕ್ಕ ರಿಟೈರ್ ಆದರು, ಫ್ಲ್ಯಾಟ್ ಖಾಲಿ ಮಾಡಿದರು, ಹೊರಟರು. ವಿಮಾನ ನಿಲ್ದಾಣಕ್ಕೆ ಹೋಗಿ ಬಿಟ್ಟು ಬಂದವಳು ನಾನೇ.

ಮೂರು ವರ್ಷದ ನಂತರ ನಾನೂ ನನ್ನ ಗಂಡನೂ ಬಾಲಿಗೆ ಹೋದವರು ಅಲ್ಲಿಂದ ಫ್ಲೋರೆಸ್‌ಗೆ ಹೋದೆವು. ಅಕ್ಕನನ್ನು ನೋಡಲು ಎಂದು ಎಲ್ಲರಿಗೂ ಹೇಳಿದ್ದೆ. ನಿಜ ಹೇಳಬೇಕೆಂದರೆ ಅವರು ಕಷ್ಟಪಡುವುದನ್ನು ನೋಡಬೇಕಿತ್ತು ನನಗೆ. ಸಣ್ಣ ವಿಮಾನ, ಆಮೇಲೆ ಐದು ಗಂಟೆ ಜೀಪು, ಕೊನೆಗೆ ಹಲಗೆಯ ಬೆಂಚು ಹಾಕಿದ ಲಾರಿ. ಕಷ್ಟಗಳೇನೋ ಬೇಕಾದಷ್ಟು ಇದ್ದವು. ನೀರು ದೂರದ ಒರತೆಯಿಂದ ಬಿದಿರಿನ ಕೊಳವೆಯಲ್ಲಿ ಇಳಿದು ಬರಬೇಕು, ಬೇಸಿಗೆಯಲ್ಲಿ ಅದೂ ನಿಲ್ಲುತ್ತದೆ. ಫೋನ್ ಸಿಗ್ನಲ್ ಬೇಕಾದರೆ ಶಾಲೆಯ ಹತ್ತಿರ ಹೋಗಬೇಕು. ಹಿಂದಿನ ಮಳೆಗಾಲದಲ್ಲಿ ಅಕ್ಕನಿಗೆ ಡೆಂಗೀ ಬಂದು ಇಪ್ಪತ್ತು ದಿನ ಮಲಗಿದ್ದರಂತೆ. ಮೈ ಇಳಿದಿತ್ತು, ಜಡೆ ಅರ್ಧ ಆಗಿತ್ತು. ಒಂದೊಂದನ್ನೂ ಮನಸ್ಸಿನಲ್ಲಿ ಬರೆದುಕೊಂಡೆ. ಯಾಕೋ ಅದರಿಂದ ಏನೂ ಸಮಾಧಾನವಾಗಲಿಲ್ಲ.

ಯಾಕೆಂದರೆ ಮನೆಯ ಮುಂದೆ ಉದ್ದಕ್ಕೂ ಕಟ್ಟೆ ಕಟ್ಟಿಸಿದ್ದರು, ಅದು ಒಂದು ಗಳಿಗೆಯೂ ಖಾಲಿ ಇರುತ್ತಿರಲಿಲ್ಲ. ಹೊಟ್ಟೆ ಹೊತ್ತ ಇಬ್ಬರು ಹೆಂಗಸರು ಅಲ್ಲಿ ಕೂತು ಜೋಳದ ತೆನೆ ಬಿಡಿಸುತ್ತಿದ್ದರು. ದಾರಿಹೋಕರು ಬಂದು ಕೂತು, ಅಡಿಕೆ ಹಾಕಿಕೊಂಡು, ಎದ್ದು ಹೋಗುತ್ತಿದ್ದರು. ಎಲ್ಲರೂ ಅಕ್ಕನನ್ನು ಕರೆಯುತ್ತಿದ್ದದ್ದು 'ಮಾಮಾ ಬಿದಾನ್' ಎಂದು. ಸೂಲಗಿತ್ತಿ ಅಮ್ಮ ಎಂದರ್ಥವಂತೆ. ಅಕ್ಕ ಅವರ ಭಾಷೆಯನ್ನು ಧಾರವಾಡದ ರಾಗದಲ್ಲೇ ಮಾತಾಡುತ್ತಿದ್ದರು, ಅವರಿಗೆಲ್ಲ ಅರ್ಥವಾಗುತ್ತಿತ್ತು.

ಎರಡನೆಯ ದಿನ ನನ್ನ ಹಳೆಯ ಚಟ ಎದ್ದು ನಿಂತಿತು. ಅಕ್ಕನ ಮನೆಯ ಪಕ್ಕದಲ್ಲಿ ಖಾಲಿ ಜಾಗವಿತ್ತು. ಕಣಿವೆ ಪೂರ್ತಿ ಕಾಣುತ್ತದೆ. ಕರಾವಳಿಯ ಊರಿಗೆ ಪ್ರವಾಸಿಗರು ಬರತೊಡಗಿದ್ದಾರೆ, ರಸ್ತೆಗೆ ಡಾಂಬರು ಹಾಕುತ್ತಿದ್ದಾರೆ, ಹತ್ತು ವರ್ಷದಲ್ಲಿ ಇದೂ ಬಾಲಿಯಾಗುತ್ತದೆ ಎಂದು ಗಂಡನಿಗೆ ಹೇಳಿದೆ. ಅವರಿಗೂ ಹೌದೆನಿಸಿತು. ಅಕ್ಕನಿಗೆ ನೆಲ ಲೀಸಿಗೆ ಕೊಟ್ಟ ಮುದುಕ ಸಂಜೆ ಕಟ್ಟೆಗೆ ಬಂದಾಗ, ಆ ಜಾಗವನ್ನು ನಮಗೆ ಕೊಡುತ್ತಾನಾ ಕೇಳಿ ಎಂದು ಅಕ್ಕನಿಗೆ ದುಂಬಾಲು ಬಿದ್ದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಕೇಳಿದರು. ಮುದುಕ ಎಲೆ ಅಡಿಕೆ ಉಗುಳಿ ಬಂದು ನಿಧಾನವಾಗಿ ಏನೋ ಹೇಳಿದ.

"ಏನಂತೆ?"

"ಈ ಹೆಣ್ಣಮಗಳು ಇಲ್ಲೇ ಇರಾಕ ಬರ್ತಾಳೇನು, ಇಲ್ಲಾ ಬರೇ ಜಾಗಾ ಹಿಡಿದು ಇಡಾಕೋ, ಅಂತ ಕೇಳಾಕತ್ತಾನ."

"ಇನ್ವೆಸ್ಟ್‌ಮೆಂಟ್‌ಗೆ ಅಂತ ಹೇಳಿ," ಎಂದರು ನನ್ನ ಗಂಡ.

ಅಕ್ಕ ಹೇಳಲಿಲ್ಲ. "ಅದಕ್ಕ ಇವರ ಮಾತಿನ್ಯಾಗ ಏನಂತಾರೋ ನನಗ ಗೊತ್ತಿಲ್ಲಪಾ," ಎಂದು ಎದ್ದು ಒಲೆಯ ಕಡೆ ಹೋದರು.

ನನಗೆ ಮೈಯೆಲ್ಲ ಉರಿದುಹೋಯಿತು. ತನಗೊಬ್ಬಳಿಗೇ ಇರಲಿ ಎಂದಲ್ಲವೇ ಇದು? ಹಿಂದೆಯೇ ಹೋಗಿ, "ನಾವು ಪಕ್ಕದಲ್ಲಿ ಬಂದ್ರೆ ನಿಮಗೇನು ಕಷ್ಟ ಅಕ್ಕಾ?" ಎಂದು ಕೇಳಿಯೇಬಿಟ್ಟೆ.

ಅವರು ಒಲೆ ಊದುತ್ತಾ ಕೂತಿದ್ದರು. ತಿರುಗಿ ನೋಡದೆ ಹೇಳಿದರು: "ನೀ ಬಂದ್ರ ನನಗ ಹಬ್ಬ. ಆದ್ರ ನೀ ಬರೂದಿಲ್ಲ. ನಿನ್ನ ಬೀಗ ಬರತೈತಿ."

ಹೊಗೆಗೆ ಅವರ ಕಣ್ಣಲ್ಲೂ ನೀರು, ನನ್ನ ಕಣ್ಣಲ್ಲೂ. ಆಮೇಲೆ ಅವರೇ ಶುರುಮಾಡಿದರು.

"ಪಾಯಿಂಟ್ ಕುಕ್‌ಗೆ ಅವತ್ತು ನೀನ ಫೋನ್ ಮಾಡಿದ್ದಿ. ನನಗ ಗೊತ್ತೈತಿ."

ಹೊರಗೆ ಕೂತ ಗಂಡನಿಗೆ ಕೇಳಿಸಿತೇನೋ ಎಂದು ಬಾಗಿಲ ಕಡೆ ನೋಡಿದೆ.

"ಮಗಳು ಹೇಳಲಿಲ್ಲ. ನಾನ ತಿಳ್ಕೊಂಡೆ. ನನ್ನ ಸುದ್ದಿ ಆಕಿಗೆ ಹೇಳಾಕ ಮತ್ಯಾರದಾರ? ಮೊದಲ ಸಿಟ್ಟು ಬಂದಿತ್ತು ಖರೆ. ಆಮ್ಯಾಲ ಕುಂತು ವಿಚಾರ ಮಾಡಿದೆ. ನಾ ಹೋದ್ರ ಮಧ್ಯಾಹ್ನ ಒಬ್ಬಾಕಿನ ಕುಂತು ಉಣಬೇಕಾಗತೈತಿ ಅಂತ ಹಂಗ ಮಾಡ್ಯಾಳ, ಇರ್ಲಿ, ಅಂದ್ಕೊಂಡೆ. ಅಷ್ಟು ಜೀವ ಯಾರು ಹಚ್ಕೋತಾರ ಈಗಿನ ಕಾಲಕ್ಕ?"

ಹೇಳಿ, ಕೈ ತೊಳೆದುಕೊಂಡು, ನನ್ನ ಕೆನ್ನೆ ತಟ್ಟಿದರು. ನಾನು ಅಲ್ಲ ಎನ್ನಲಿಲ್ಲ. ನನ್ನ ಹೊಟ್ಟೆಕಿಚ್ಚನ್ನು ಅವರು ಪ್ರೀತಿಯೆಂದು ತೆಗೆದುಕೊಂಡಿದ್ದರು. ಕೊನೆಯವರೆಗೂ ಹಾಗೇ ತಿಳಿದುಕೊಂಡಿದ್ದರು. ನನ್ನ ಹತ್ತಿರ ಇಲ್ಲದ ಒಳ್ಳೆಯತನವನ್ನೂ ನನ್ನ ಲೆಕ್ಕಕ್ಕೆ ಬರೆದುಬಿಟ್ಟರಲ್ಲ ಎಂದು ಅದಕ್ಕೂ ನನಗೆ ಉರಿಯಿತು.

ಅವರು ಹೋಗಿ ಒಂದು ತಿಂಗಳಾದ ಮೇಲೆ ಮಗಳು ಪಾಯಿಂಟ್ ಕುಕ್‌ನಲ್ಲಿ ತಾಯಿಯ ಹೆಸರಿನಲ್ಲಿ ಪ್ರಸಾದದ ಊಟ ಇಟ್ಟುಕೊಂಡಳು. ನಾನೊಬ್ಬಳೇ ಮೆಲ್ಬರ್ನ್‌ಗೆ ಹೋದೆ. ಸುಮಾರು ನಲವತ್ತು ಜನ ಬಂದಿದ್ದರು. ಎಲ್ಲರೂ ಅಕ್ಕನ ಬಗ್ಗೆ ಒಳ್ಳೆಯದನ್ನೇ ಮಾತಾಡಿದರು, ಆಮೇಲೆ ಬಡ್ಡಿ ದರದ ಬಗ್ಗೆ ಮಾತಾಡಿದರು. ಎಲ್ಲರೂ ಹೊರಟ ಮೇಲೆ ನಾನೂ ಮಗಳೂ ಅಡುಗೆಮನೆಯಲ್ಲಿ ಉಳಿದೆವು. ಅವಳು ಆ ಹಳ್ಳಿಗೆ ಹೋಗಿ ಬಂದಿದ್ದಳು. ವಿಮಾನ, ಜೀಪು, ಲಾರಿ ಹತ್ತಿಳಿದು ಮುಟ್ಟುವ ಹೊತ್ತಿಗೆ ಮಣ್ಣಾಗಿತ್ತು.

"ಅಂಗಳದಾಗ, ಮನಿ ಮುಂದನ ಮಾಡ್ಯಾರ ಆಂಟಿ. ಅವರ ಮಂದಿಗೂ ಅಲ್ಲೇ ಮಾಡ್ತಾರಂತ. ಕುಂಡ್ರಿಸಿ ಇಡಾಕ ಗುಂಡಿ ಅಗಲ ತೋಡ್ಯಾರ. ಲೀಸ್ ಮುಗಿದ್ರೂ ಅದನ್ನ ಯಾರೂ ತೆಗಿಯೂದಿಲ್ಲ ಅಂದ ಆ ಮುದುಕ. ಅಷ್ಟು ಜಾಗ ಅವ್ವಂದ ಅಂತ. ಫಾರೆವರ್." ಆ ಎರಡು ಕೋಣೆಗಳನ್ನು ಹಳ್ಳಿಯವರೇ ನೋಡಿಕೊಳ್ಳುತ್ತಾರಂತೆ, ಒಬ್ಬಳು ಬಸುರಿ ಆಗಲೇ ಬಂದಿದ್ದಳಂತೆ.

ಹೊರಗಿನವರಿಗೆ ನೆಲ ಕೊಡದ ಊರು ಅಕ್ಕನಿಗೆ ಕೊಟ್ಟಿತ್ತು. ನನ್ನ ಮಾರ್ಟ್‌ಗೇಜಿಗೆ ಇನ್ನೂ ಎಂಟು ವರ್ಷ. ಕೈಯಲ್ಲಿದ್ದ ತಟ್ಟೆಯನ್ನು ಸಿಂಕಿನಲ್ಲಿ ಇಟ್ಟುಬಿಟ್ಟೆ. ಇನ್ನು ತಡೆಯಲಾಗಲಿಲ್ಲ.

"ಅಮ್ಮನಿಗೆ ಮರೆವಿದೆ ಅಂತ ನಾನು ಅವತ್ತು ಹೇಳಿದ್ದು ಸುಳ್ಳು ಕಣಮ್ಮ. ಭಯದಿಂದ ಹೇಳಿದ್ದಲ್ಲ. ನನಗೆ ಹೊಟ್ಟೆಕಿಚ್ಚು. ನಾನು ಇಲ್ಲೇ ಕೊಳೀತಿರೋವಾಗ ಅವರು ಹೋಗ್ತಾರಲ್ಲ ಅಂತ. ನಿಮ್ಮಿಬ್ಬರ ಒಂದು ವರ್ಷ ನಾನು ಹಾಳುಮಾಡಿದೆ."

ಅವಳು ಬೈಯುತ್ತಾಳೆ, ಮನೆಯಿಂದ ಹೊರಗೆ ಹಾಕುತ್ತಾಳೆ ಎಂದುಕೊಂಡಿದ್ದೆ. ತಟ್ಟೆ ಒರೆಸುವುದನ್ನು ಅವಳು ನಿಲ್ಲಿಸಲಿಲ್ಲ.

"ಐ ನ್ಯೂ," ಎಂದಳು. "ಟೆಸ್ಟ್ ರಿಸಲ್ಟ್ ಬಂದ ದಿನಾನ ಗೊತ್ತಾತು. ಪರ್ಫೆಕ್ಟ್ ಸ್ಕೋರ್. ಅವತ್ತ ಸಾರಿ ಕೇಳಬಹುದಿತ್ತು. ಕೇಳಲಿಲ್ಲ. ನಿಮ್ಮ ಮಾತು ಖರೆ ಇರಲಿ ಅಂತ ನನಗ ಆಸೆ ಇತ್ತು ಆಂಟಿ. ಹುಷಾರ್ ಇರಲಿಲ್ಲ ಅಂದ್ರ ಅವ್ವ ನನ್ನ ಕಡೆ ಬಂದಿರ್ತಿದ್ಲು."

ಒರೆಸಿದ ತಟ್ಟೆಗಳನ್ನು ಕಪಾಟಿನಲ್ಲಿ ಜೋಡಿಸಿದಳು. ಆಮೇಲೆ ಹೇಳಿದಳು: "ಅಲ್ಲಿ ಒಬ್ಬಾಕಿ ಭಾಳ ಅಳಾಕತ್ತಿದ್ಲು. ನನಕಿಂತ ಜಾಸ್ತಿ. ಮಾಮಾ ಮಾಮಾ ಅಂತ. ಐ ವಾಂಟೆಡ್ ಟು ಹಿಟ್ ಹರ್."

ನಾನು ಮುಂದಿನ ತಟ್ಟೆ ತೊಳೆದು ಅವಳ ಕೈಗೆ ಕೊಟ್ಟೆ.

ಬರುವ ತಿಂಗಳು ನಾವಿಬ್ಬರೂ ಅಲ್ಲಿಗೆ ಹೋಗುತ್ತಿದ್ದೇವೆ. ಗಂಡಂದಿರು ಬರುವುದಿಲ್ಲ. ಬುಕ್ ಮಾಡಿದ ದಿನ ಅವಳು ಫೋನಿನಲ್ಲಿ ಮೊದಲೇ ಹೇಳಿಟ್ಟಳು: "ಅವ್ವನ ಮಂಚ ಒಂದ ಐತಿ ಆಂಟಿ. ಅದು ನಂದು. ನೀವು ಚಾಪಿ ಮ್ಯಾಲ."

ಮಗಳಲ್ಲವೇ, ಆಗಲಿ ಕಣಮ್ಮ ಎಂದೆ. ಹಾಗೆಂದದ್ದು ಬಾಯಿ ಮಾತ್ರ. ಮನಸ್ಸು ಇನ್ನೂ ಆ ಮಂಚಕ್ಕಾಗಿ ಅವಳ ಜೊತೆ ಜಗಳವಾಡುತ್ತಲೇ ಇದೆ.